ಎರಡು ಸಿಸೇರಿಯನ್ ಆದ ಮೇಲೆ ನಾರ್ಮಲ್ ಡೆಲಿವರಿ ಯೋಚನೆಯೇ? ಮೊದಲು ಹಳೇ ಫೈಲ್ ಹುಡುಕಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಮೂರನೇ ಮಗುವೂ ಸಿಸೇರಿಯನ್ನಿನಲ್ಲೇ ಹುಟ್ಟಿತು. ಹನ್ನೊಂದು ಗಂಟೆ ನೋವು ತಿಂದೆ, ಗರ್ಭಕೋಶದ ಬಾಯಿ ತೆರೆಯುವುದರಲ್ಲಿ ಎಂಟು ಸೆಂಟಿಮೀಟರ್‌ವರೆಗೂ ಹೋದೆ, ಕೊನೆಗೆ ಆಪರೇಷನ್ ಥಿಯೇಟರ್‌ನಲ್ಲಿ ಮಲಗಿದೆ. ಹಾಗಾಗಿ ಇದು ಗೆದ್ದವಳ ಕಥೆ ಅಲ್ಲ. ಆದರೆ ಆ ಆರೇಳು ತಿಂಗಳಲ್ಲಿ ನಾನು ಹುಡುಕಿದ್ದು, ಕೇಳಿದ್ದು, ತಪ್ಪು ತಿಳಿದು ತಿದ್ದಿಕೊಂಡಿದ್ದು ಬೇಕಾದಷ್ಟಿದೆ. ಇದೇ ಯೋಚನೆಯಲ್ಲಿ ಇರುವವರಿಗೆ ಕೆಲಸಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಒಂದೇ ಜಾಗದಲ್ಲಿ ಮೂರು ಸಲ ಹೊಲಿಗೆ ಹಾಕಿಸಿಕೊಂಡವಳು, ಅಷ್ಟೇ.

ನನ್ನ ದೊಡ್ಡ ಮಗಳು ಹೊಟ್ಟೆಯಲ್ಲಿ ತಲೆ ಮೇಲೆ, ಕುಂಡಿ ಕೆಳಗೆ ಮಾಡಿ ಕೂತಿದ್ದಳು. ಕೊನೆವರೆಗೂ ತಿರುಗಲಿಲ್ಲ. ಸಿಸೇರಿಯನ್ ಆಯಿತು. ಎರಡನೆಯವನಿಗೆ 38 ವಾರಕ್ಕೇ ದಿನ ಗೊತ್ತು ಮಾಡಿದರು. ನೋವು ಬರುವ ಮೊದಲೇ ಆಪರೇಷನ್. ಹುಟ್ಟಿದ ಕೂಡಲೇ ಮಗು ಜೋರಾಗಿ ಉಸಿರು ಎಳೆಯತೊಡಗಿತು. ಎರಡು ದಿನ ಎನ್‌ಐಸಿಯುನಲ್ಲಿ, ಅಂದರೆ ಎಳೆ ಮಕ್ಕಳ ತೀವ್ರ ನಿಗಾ ಘಟಕದಲ್ಲಿ, ಇಟ್ಟರು. ಮೇಲಿನ ಮಹಡಿಯಲ್ಲಿ ಮಗು, ಕೆಳಗೆ ಹೊಲಿಗೆ ಹಿಡಿದುಕೊಂಡು ನಾನು. ನನ್ನ ಗಂಡ ಫೋನಿನಲ್ಲಿ ತೋರಿಸಿದ ಫೋಟೋದಲ್ಲೇ ಮಗನ ಮುಖ ಮೊದಲು ಸರಿಯಾಗಿ ನೋಡಿದ್ದು. ನೋವು ಶುರುವಾಗದೆ ತೆಗೆದ ಮಕ್ಕಳಲ್ಲಿ ಈ ಉಸಿರಾಟದ ತೊಂದರೆ ಸ್ವಲ್ಪ ಜಾಸ್ತಿ, 39 ವಾರ ತುಂಬಿದ ಮೇಲೆ ಮಾಡಿದರೆ ಕಡಿಮೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮುಂದಿನ ಸಲ ಏನಾದರೂ ಇದ್ದರೆ ಕೇಳಿಯೇ ತೀರುತ್ತೇನೆ ಅಂತ ಆಗಲೇ ಅಂದುಕೊಂಡೆ.

ಮೂವರು ಡಾಕ್ಟರ್, ಮೂರು ಉತ್ತರ

ಮೂರನೇ ಬಸುರಿಯಾದಾಗ ಮಗನಿಗೆ ಮೂರು ವರ್ಷ. ಮೊದಲು ಕಂಡ ಡಾಕ್ಟರ್ ನನ್ನ ಪ್ರಶ್ನೆ ಮುಗಿಯುವ ಮೊದಲೇ, "ಎರಡು ಸಿಸೇರಿಯನ್ ಆಗಿದೆ, ಇನ್ನೇನು ನಾರ್ಮಲ್? ಮಕ್ಕಳಿಗೆ ತಾಯಿ ಬೇಡ್ವಾ?" ಅಂದರು. ಅಳು ಬಂತು. ಎರಡನೆಯವರು, "ಅಯ್ಯೋ, ಮಾಡೋಣ ಬಿಡಿ, ಏನೂ ಭಯ ಇಲ್ಲ" ಅಂದರು. ಆಗ ಖುಷಿಯಾಯಿತು. ಮನೆಗೆ ಬಂದ ಮೇಲೆ ಒಂದು ಮಾತು ಕೊರೆಯತೊಡಗಿತು. ಇವರೂ ನನ್ನ ಹಳೇ ಕಾಗದ ಏನೂ ನೋಡಲಿಲ್ಲವಲ್ಲ! ನೋಡದೇ ಬೇಡ ಅನ್ನುವವರಿಗೂ ನೋಡದೇ ಸರಿ ಅನ್ನುವವರಿಗೂ ಏನು ವ್ಯತ್ಯಾಸ? ನನ್ನ ಮಟ್ಟಿಗೆ ಎರಡನೆಯವರೇ ಜಾಸ್ತಿ ಅಪಾಯ.

ಮೂರನೆಯವರು ಕೂತ ಕೂಡಲೇ ಕೇಳಿದ್ದು ಒಂದೇ: "ಆಪರೇಷನ್ ನೋಟ್ಸ್ ಇದೆಯಾ? ಒಳಗೆ ಹೇಗೆ ಕುಯ್ದಿದ್ದಾರೆ ಅಂತ ಗೊತ್ತಾಗದೆ ನಾನು ಹೂಂ ಅಂತಲೂ ಹೇಳಲ್ಲ, ಉಹೂಂ ಅಂತಲೂ ಹೇಳಲ್ಲ." ನಾನು ಅವರನ್ನೇ ಹಿಡಿದುಕೊಂಡೆ. ನೀವೂ ಡಾಕ್ಟರನ್ನು ಇದೇ ಅಳತೆಗೋಲಿನಲ್ಲಿ ಅಳೆಯಿರಿ.

ಒಳಗಿನ ಗೆರೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಹೊಟ್ಟೆಯ ಮೇಲೆ ಕಾಣುವ ಗೆರೆ ಬೇರೆ, ಗರ್ಭಕೋಶದ ಮೇಲಿನ ಗೆರೆ ಬೇರೆ. ಚರ್ಮದ ಮೇಲೆ ಅಡ್ಡಗೆರೆ ಇದೆ ಅಂದಮಾತ್ರಕ್ಕೆ ಒಳಗೂ ಅಡ್ಡವೇ ಕುಯ್ದಿದ್ದಾರೆ ಅಂತ ಹೇಳಲಾಗುವುದಿಲ್ಲ. ನನಗೆ ಇದು ಗೊತ್ತೇ ಇರಲಿಲ್ಲ. ಕನ್ನಡಿ ಮುಂದೆ ನಿಂತು ಗೆರೆ ನೋಡಿಕೊಂಡು "ಅಡ್ಡ ಇದೆ, ಸರಿ ಇದೆ" ಅಂದುಕೊಂಡಿದ್ದೆ.

ಗರ್ಭಕೋಶದ ಕೆಳಭಾಗ ತೆಳು. ಹೆರಿಗೆ ನೋವಿನಲ್ಲಿ ಆ ಭಾಗ ಅಷ್ಟಾಗಿ ಬಿಗಿಯುವುದಿಲ್ಲ. ಅಲ್ಲಿ ಅಡ್ಡ ಕುಯ್ದು ಹೊಲಿದ ಗಾಯ ನೋವನ್ನು ತಡೆದುಕೊಳ್ಳುವ ಸಾಧ್ಯತೆ ಜಾಸ್ತಿ. ಮೇಲ್ಭಾಗ ದಪ್ಪ ಸ್ನಾಯು. ಅಲ್ಲಿ ಉದ್ದಕ್ಕೆ ಸೀಳಿದ್ದರೆ, ಅದನ್ನು ಕ್ಲಾಸಿಕಲ್ ಅನ್ನುತ್ತಾರೆ, ಪ್ರತಿ ನೋವಿಗೂ ಆ ಹೊಲಿಗೆಯೇ ಎಳೆಯುತ್ತದೆ. ಹಾಗಿದ್ದವರಿಗೆ ನಾರ್ಮಲ್ ಪ್ರಯತ್ನ ಬೇಡ. ತಲೆಕೆಳಗಾದ 'ಟಿ' ಆಕಾರದಲ್ಲಿ ಕುಯ್ದಿದ್ದರೂ ಹಾಗೇ. ಹಿಂದೆ ಒಮ್ಮೆ ಗರ್ಭಕೋಶ ಬಿರಿದಿದ್ದರಂತೂ ಬೇಡವೇ ಬೇಡ. ಫೈಬ್ರಾಯ್ಡ್ ಗಡ್ಡೆ ತೆಗೆಸಿದ್ದರೆ ಆ ಆಪರೇಷನ್ನಿನ ಕಾಗದವನ್ನೂ ತೋರಿಸಿ. ಅಲ್ಲೂ ಗರ್ಭಕೋಶ ಕುಯ್ದಿರುತ್ತಾರೆ ಅಲ್ವಾ.

"ಒಮ್ಮೆ ಸಿಸೇರಿಯನ್ ಆದರೆ ಎಂದಿಗೂ ಸಿಸೇರಿಯನ್" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅದನ್ನು 1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ ಎಂಬ ವೈದ್ಯರು ಹೇಳಿದ್ದು. ಆಗ ಸಾಮಾನ್ಯವಾಗಿ ಕುಯ್ಯುತ್ತಿದ್ದುದೇ ಮೇಲಿಂದ ಕೆಳಕ್ಕೆ, ಉದ್ದಕ್ಕೆ. ಕೆಳಗಿನ ಅಡ್ಡಗೆರೆ ರೂಢಿಗೆ ಬಂದಿದ್ದು ಆಮೇಲೆ. ಅವರು ಹೇಳಿದ್ದೂ ಸುಮ್ಸುಮ್ನೆ ಮೊದಲ ಸಿಸೇರಿಯನ್ ಮಾಡಬೇಡಿ ಅಂತ ಎಚ್ಚರಿಸಲಿಕ್ಕೆ. ಗೆರೆ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು.

ಸರಿ, ಫೈಲ್ ವಿಷಯಕ್ಕೆ ಬರೋಣ. ನನ್ನ ಹತ್ತಿರ ಇದ್ದದ್ದು ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ 'ಎಲ್‌ಎಸ್‌ಸಿಎಸ್' ಅಂತ ಒಂದೇ ಪದ. ಕೆಳಭಾಗದ ಸಿಸೇರಿಯನ್ ಅಂತ ಅರ್ಥ. ಅಷ್ಟು ಸಾಲದು. ಬೇಕಾಗಿದ್ದು ಆಪರೇಷನ್ ಮಾಡಿದವರು ಅದೇ ದಿನ ಕೈಯಲ್ಲಿ ಬರೆದ ಹಾಳೆ. ಮೊದಲ ಹೆರಿಗೆಯದು ಒಂದೇ ಅರ್ಜಿಗೆ ಸಿಕ್ಕಿತು. ಎರಡನೆಯದಕ್ಕೆ ಆ ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಮೂರು ಸಲ ಅಲೆದೆ. ಒಂದು ಸಲ ಬೀಗ. ಒಂದು ಸಲ "ಹಳೇದೆಲ್ಲ ಸಿಗಲ್ಲ ಮೇಡಂ." ಮೂರನೇ ಸಲ ನನ್ನ ಗಂಡನೂ ಜೊತೆಗೆ ಬಂದರು, ಹೆರಿಗೆ ದಿನಾಂಕ ಮತ್ತು ಐಪಿ ನಂಬರ್ (ಆಸ್ಪತ್ರೆಗೆ ಸೇರಿದಾಗ ಕೊಡುವ ನಂಬರ್) ಬರೆದು ಕೊಟ್ಟೆವು, ಹತ್ತು ನಿಮಿಷಕ್ಕೆ ಹಾಳೆ ಕೈಗೆ ಬಂತು. ಡಿಸ್ಚಾರ್ಜ್ ಸಮ್ಮರಿಯ ಮೇಲೆ ಆ ನಂಬರ್ ಇರುತ್ತದೆ, ಅದನ್ನು ಹಿಡಿದುಕೊಂಡೇ ಹೋಗಿ.

ಹಾಳೆಯಲ್ಲಿ ನೋಡಬೇಕಾದ್ದು: ಗರ್ಭಕೋಶವನ್ನು ಎಲ್ಲಿ, ಯಾವ ದಿಕ್ಕಿಗೆ ಕುಯ್ದರು. ಮಗು ತೆಗೆಯುವಾಗ ಗಾಯ ಪಕ್ಕಕ್ಕೋ ಕೆಳಕ್ಕೋ ಹರಿಯಿತೇ. ಎಷ್ಟು ಪದರದಲ್ಲಿ ಹೊಲಿದರು. ಮೂತ್ರಚೀಲ, ಕರುಳು ಅಂಟಿಕೊಂಡಿತ್ತೇ. ಮತ್ತೆ, ಯಾಕೆ ಸಿಸೇರಿಯನ್ ಮಾಡಿದರು. ಈ 'ಯಾಕೆ' ಬಹಳ ಮುಖ್ಯ. ನನ್ನದು ಮಗು ತಿರುಗದೆ ಆಗಿದ್ದು. ಅದು ಆ ಮಗುವಿನ ಸಮಾಚಾರ, ಪ್ರತಿ ಸಲ ಬರುವಂಥದ್ದಲ್ಲ. ಅದೇ ಪೂರ್ತಿ ಹತ್ತು ಸೆಂಟಿಮೀಟರ್ ಬಿಟ್ಟುಕೊಂಡ ಮೇಲೂ ಮಗು ಇಳಿಯದೆ ಆಗಿದ್ದರೆ ಲೆಕ್ಕ ಬೇರೆಯಾಗುತ್ತದೆ. ನಡುವೆ ಯಾವಾಗಲಾದರೂ ಒಂದು ನಾರ್ಮಲ್ ಹೆರಿಗೆ ಆಗಿದ್ದರೆ ಅದಕ್ಕಿಂತ ಒಳ್ಳೆಯ ಸೂಚನೆ ಇನ್ನೊಂದಿಲ್ಲ. ನನಗೆ ಅದು ಇರಲಿಲ್ಲ. ತೂಕ ತೀರಾ ಜಾಸ್ತಿ ಇದ್ದರೆ, ಮಗು 4 ಕಿಲೋ ದಾಟುವ ಹಾಗಿದ್ದರೆ, ಸಾಧ್ಯತೆ ಇಳಿಯುತ್ತದೆ. ಹಿಂದಿನ ಹೆರಿಗೆಗೂ ಈ ಹೆರಿಗೆಗೂ ನಡುವೆ ಒಂದೂವರೆ ವರ್ಷವೂ ಇಲ್ಲದಿದ್ದರೆ ಹೊಲಿಗೆ ಬಿರಿಯುವ ಭಯ ಏರುತ್ತದೆ.

ಗ್ರಾಫ್ ಪುಸ್ತಕದ ಸಾವಿರ ಚೌಕ

ಡಾಕ್ಟರ್ ಅಂಕಿ ಹೇಳಿದರು. ಹಿಂದೆ ಒಂದೇ ಸಿಸೇರಿಯನ್ ಆಗಿದ್ದವರು ನಾರ್ಮಲ್‌ಗೆ ಪ್ರಯತ್ನಿಸಿದರೆ ಗರ್ಭಕೋಶ ಬಿರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ. ಎರಡು ಆಗಿದ್ದವರಲ್ಲಿ ಬೇರೆ ಬೇರೆ ಅಧ್ಯಯನಗಳು 100ಕ್ಕೆ 0.9ರಿಂದ 1.8 ಅನ್ನುತ್ತವೆ. ಹಲವು ಅಧ್ಯಯನ ಸೇರಿಸಿ 2010ರಲ್ಲಿ ಮಾಡಿದ ಲೆಕ್ಕದಲ್ಲಿ 1.36 ಬಂದಿತ್ತು. ಅದೇ ಲೆಕ್ಕದಲ್ಲಿ ನಾರ್ಮಲ್ ಆದವರು 100ಕ್ಕೆ 71ರಷ್ಟು.

"1.36" ಅಂದರೆ ನನಗೆ ಏನೂ ಅನ್ನಿಸಲಿಲ್ಲ. ಮನೆಗೆ ಬಂದು ಮಗಳ ಗ್ರಾಫ್ ಪುಸ್ತಕ ತೆಗೆದುಕೊಂಡೆ. ಅಡ್ಡ 25, ಉದ್ದ 40, ಒಟ್ಟು ಸಾವಿರ ಚೌಕ. ಗೆರೆ ಹಾಕಿ ಕೆಂಪು ಪೆನ್ಸಿಲ್‌ನಿಂದ 14 ಚೌಕ ತುಂಬಿದೆ, ಅಲ್ಲೊಂದು ಇಲ್ಲೊಂದು. ಆ ಹಾಳೆಯನ್ನು ಮೇಜಿನ ಮೇಲೆ ಇಟ್ಟು ದೂರ ನಿಂತು ನೋಡಿದರೆ ಬರೀ ಬಿಳಿ. ಹತ್ತಿರ ಹೋದರೆ ಕಣ್ಣಿಗೆ ಕೆಂಪೇ ಬೀಳುತ್ತದೆ. ಇನ್ನೂ ಸಾವಿರಕ್ಕೆ ಐದಾರು ಜನರಿಗೆ ಗರ್ಭಕೋಶವನ್ನೇ ತೆಗೆಯಬೇಕಾಗಿ ಬಂದಿತ್ತು. ಆ ಆರು ಚೌಕಕ್ಕೆ ಕಪ್ಪು ಸುತ್ತು ಹಾಕಿದೆ. ಮಗಳು ಬಂದು, "ಅಮ್ಮ, ಇದೇನು ಡಿಸೈನು?" ಅಂದಳು. ಏನು ಹೇಳಲಿ? ಲೆಕ್ಕ ಅಂದೆ.

ಗಂಡನಿಗೆ ತೋರಿಸಿದೆ. ಅವರು ಬಿಳಿ ನೋಡುತ್ತಾರೆ ಅಂದುಕೊಂಡಿದ್ದೆ, ಅವರು ಕೆಂಪು ನೋಡಿದರು. ಒಂದು ವಾರ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಆದರೆ ಆ ಹಾಳೆ ಇದ್ದದ್ದಕ್ಕೆ ಜಗಳವಾದರೂ ಸರಿಯಾದ ವಿಷಯದ ಮೇಲೆ ಆಯಿತು. ನೀವೂ ಒಮ್ಮೆ ಮಾಡಿ ನೋಡಿ. ಅಂಕಿಯನ್ನು ಬಾಯಲ್ಲಿ ಹೇಳುವುದಕ್ಕೂ ಕಣ್ಣಲ್ಲಿ ನೋಡುವುದಕ್ಕೂ ಬಹಳ ವ್ಯತ್ಯಾಸ.

ಆಮೇಲೆ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ನಾನು ಲೆಕ್ಕ ಹಾಕುತ್ತಿದ್ದುದೇ ತಪ್ಪು. ನಾರ್ಮಲ್ಲೋ ಸಿಸೇರಿಯನ್ನೋ ಅಂತ ಎರಡರ ನಡುವೆ ತೂಗುತ್ತಿದ್ದೆ. ನಿಜವಾಗಿ ಇರುವುದು ಮೂರು. ನೋವು ಬಂದು ನಾರ್ಮಲ್ ಆಗುವುದು, ಮೊದಲೇ ದಿನ ಗೊತ್ತು ಮಾಡಿ ಸಿಸೇರಿಯನ್ ಆಗುವುದು, ನೋವು ತಿಂದು ತಿಂದು ಕೊನೆಗೆ ಸಿಸೇರಿಯನ್ ಆಗುವುದು. ತಾಯಿಗೆ ತೊಂದರೆ ಎಲ್ಲಕ್ಕಿಂತ ಕಡಿಮೆ ಮೊದಲನೆಯದರಲ್ಲಿ, ಎಲ್ಲಕ್ಕಿಂತ ಜಾಸ್ತಿ ಮೂರನೆಯದರಲ್ಲಿ. ನಿಮ್ಮ ಕೈಯಲ್ಲಿರುವುದು ಎರಡನೆಯದನ್ನು ಆರಿಸುವುದು, ಅಥವಾ ಒಂದು ಮತ್ತು ಮೂರರ ನಡುವೆ ಬಾಗಿಲು ತೆರೆದಿಡುವುದು. ನೂರಕ್ಕೆ 71ರ ಇನ್ನೊಂದು ಮಗ್ಗುಲಲ್ಲಿ 29 ಜನ ಇದ್ದಾರೆ. ನಾನು ಆ 29ರಲ್ಲಿ ಒಬ್ಬಳು.

ಮಗುವಿನ ಕಡೆಯಿಂದಲೂ ನೋಡಬೇಕು. ಗರ್ಭಕೋಶ ಬಿರಿದರೆ ಮಗುವಿಗೆ ಇರುವುದು ಕೆಲವೇ ನಿಮಿಷ. ಅದಕ್ಕೇ ಎಲ್ಲಿ ಹೆರುತ್ತೀರಿ ಅನ್ನುವುದರ ಮೇಲೆ ಇಡೀ ವಿಷಯ ನಿಂತಿದೆ. ಮನೆಯಲ್ಲಿ, ಆಪರೇಷನ್ ಸೌಲಭ್ಯ ಇಲ್ಲದ ಸಣ್ಣ ಜಾಗದಲ್ಲಿ ಈ ಪ್ರಯತ್ನ ಖಂಡಿತ ಬೇಡ.

ಮೂರು, ನಾಲ್ಕು ಆಗಿದ್ದವರಿಗೆ? ಬ್ರಿಟನ್ನಿನಲ್ಲಿ ಚಿಕಿತ್ಸೆಗೆ ಸಲಹೆ ಕೊಡುವ ಸಂಸ್ಥೆಯಾದ ನೈಸ್‌ನ ಮಾರ್ಗಸೂಚಿ ನಾಲ್ಕು ಸಿಸೇರಿಯನ್ ಆದವರ ಜೊತೆಗೂ ಈ ಮಾತು ಆಡಬಹುದು ಅನ್ನುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2019ರ ಸಲಹೆಯಲ್ಲಿ ಎರಡು ಅಡ್ಡಗೆರೆ ಆದವರನ್ನು ಪರಿಗಣಿಸಬಹುದು ಅಂದಿದೆ. ಎರಡು ದಾಟಿದ ಮೇಲೆ ಪ್ರಯತ್ನಿಸಿದ ಹೆಂಗಸರ ಸಂಖ್ಯೆಯೇ ಬಹಳ ಕಡಿಮೆ. ನೂರಕ್ಕೂ ಕಡಿಮೆ ಜನರ ಅಧ್ಯಯನದಲ್ಲಿ ಒಂದೂ ಬಿರಿಯಲಿಲ್ಲ ಅಂದರೆ ಅಪಾಯ ಇಲ್ಲ ಅಂತ ಅರ್ಥವಲ್ಲ. ನನ್ನ ಗ್ರಾಫ್ ಹಾಳೆಯಲ್ಲಿ ಕೆಂಪಿಲ್ಲದ ಒಂದು ಮೂಲೆ ಹಿಡಿದು ನೋಡಿದ ಹಾಗೆ ಅದು.

ಮಾಸು ಎಲ್ಲಿದೆ

ಎಲ್ಲಕ್ಕಿಂತ ಮೊದಲು ಸ್ಕ್ಯಾನಿನಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಎಲ್ಲಿ ಕೂತಿದೆ ಅಂತ ಕೇಳಿ. ಸುಮಾರು 20ನೇ ವಾರದ ಸ್ಕ್ಯಾನಿನಲ್ಲಿ ಗೊತ್ತಾಗುತ್ತದೆ. ಕೆಳಗೆ, ಹಳೇ ಹೊಲಿಗೆಯ ಹತ್ತಿರ ಇದ್ದರೆ 32ನೇ ವಾರದ ಹೊತ್ತಿಗೆ ಮತ್ತೆ ನೋಡಬೇಕು, ಅದೂ ಇದನ್ನು ನೋಡಿ ಪಳಗಿದವರ ಹತ್ತಿರ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದಿದ್ದರೆ ನಾರ್ಮಲ್ ಮಾತೇ ಇಲ್ಲ. ಅಷ್ಟೇ ಅಲ್ಲ, ಅದು ಹಳೇ ಗಾಯದೊಳಕ್ಕೆ ಬೇರು ಬಿಟ್ಟ ಹಾಗೆ ಅಂಟಿಕೊಂಡಿರಬಹುದು. 2006ರ ಒಂದು ದೊಡ್ಡ ಅಧ್ಯಯನದಲ್ಲಿ ಮಾಸು ಹೀಗೆ ಅಡ್ಡ ಇದ್ದವರ ಪೈಕಿ ಎರಡನೇ ಸಿಸೇರಿಯನ್ ವೇಳೆ 100ಕ್ಕೆ 11 ಜನರಲ್ಲಿ, ಮೂರನೆಯದರಲ್ಲಿ 40 ಜನರಲ್ಲಿ, ನಾಲ್ಕನೆಯದರಲ್ಲಿ 61 ಜನರಲ್ಲಿ ಅಂಟಿಕೊಂಡಿತ್ತು. ರಕ್ತ ನಿಲ್ಲದೆ ಹರಿಯುವ ಕೇಸುಗಳು ಇವು. ದೊಡ್ಡ ಆಸ್ಪತ್ರೆ, ರಕ್ತದ ಸಿದ್ಧತೆ, ದಿನ ಗೊತ್ತು ಮಾಡಿದ ಆಪರೇಷನ್, ಇದೇ ದಾರಿ.

ಈ ಅಂಕಿಗೆ ಇನ್ನೊಂದು ಮುಖವೂ ಇದೆ. ಪ್ರತಿ ಸಿಸೇರಿಯನ್ ಮುಂದಿನ ಬಸಿರನ್ನು ಕಷ್ಟ ಮಾಡುತ್ತಾ ಹೋಗುತ್ತದೆ. ಇನ್ನೂ ಮಕ್ಕಳು ಬೇಕು ಅನ್ನುವವರಿಗೆ ನಾರ್ಮಲ್ ಪ್ರಯತ್ನದ ಪರವಾಗಿ ಇದು ದೊಡ್ಡ ಕಾರಣ. ಇದೇ ಕೊನೆ ಅನ್ನುವವರಿಗೆ ಆ ಕಾರಣದ ತೂಕ ಇಳಿಯುತ್ತದೆ. ನಮಗೆ ಮೂರೇ ಸಾಕಿತ್ತು. ಆದ್ದರಿಂದ ನಾನು ಇದನ್ನು ನನ್ನ ಪಟ್ಟಿಯಿಂದ ಹೊಡೆದು ಹಾಕಿದೆ, ಬೇಜಾರಾದರೂ.

ಹೊಲಿಗೆಯ ದಪ್ಪ ಅಳೆಸಿ ಅಂತ ಹಲವರು ಹೇಳುತ್ತಾರೆ. ಸ್ಕ್ಯಾನಿನಲ್ಲಿ ಅಳೆಯಬಹುದು. ಆದರೆ ಇಷ್ಟು ಮಿಲಿಮೀಟರ್ ಇದ್ದರೆ ಸೈ, ಇಲ್ಲದಿದ್ದರೆ ಇಲ್ಲ ಅನ್ನುವ ಎಲ್ಲರೂ ಒಪ್ಪಿದ ಗಡಿ ಇಲ್ಲ. ಆ ಒಂದು ಅಂಕಿ ಹಿಡಿದುಕೊಂಡು ಕುಣಿಯಬೇಡಿ, ಅಳಲೂಬೇಡಿ.

ಆಸ್ಪತ್ರೆಗೆ ಕೇಳಿದ ಪ್ರಶ್ನೆಗಳು

ನೇರವಾಗಿ ಕೇಳಿ, ಸಂಕೋಚ ಬೇಡ. ನಾನು ಕೇಳಿದ್ದು ಇವು. ರಾತ್ರಿ ಎರಡು ಗಂಟೆಗೆ ಅರಿವಳಿಕೆ ಡಾಕ್ಟರ್ ಆಸ್ಪತ್ರೆಯಲ್ಲೇ ಇರುತ್ತಾರಾ, ಮನೆಯಿಂದ ಬರಬೇಕಾ? ಸಿಸೇರಿಯನ್ ಅಂತ ನಿರ್ಧರಿಸಿದ ಮೇಲೆ ಮಗು ಹೊರಗೆ ಬರಲು ಎಷ್ಟು ನಿಮಿಷ? ನನ್ನ ಗುಂಪಿನ ರಕ್ತ ಹೊಂದಿಸಿ ಇಟ್ಟಿರುತ್ತೀರಾ? ಮಗುವಿನ ಎದೆಬಡಿತ ಬಿಡದೆ ನೋಡುವ ಮೆಷಿನ್ ನನಗಂತಲೇ ಇರುತ್ತದಾ, ಇನ್ನೊಬ್ಬರಿಗೂ ಸರದಿಯಾ? ಎನ್‌ಐಸಿಯು ಇದೇ ಕಟ್ಟಡದಲ್ಲಾ? ನಿಮ್ಮ ಬದಲು ಬೇರೆ ಡಾಕ್ಟರ್ ಡ್ಯೂಟಿಯಲ್ಲಿದ್ದರೆ ಅವರೂ ಒಪ್ಪುತ್ತಾರಾ? ಕೊನೆಯದು ಎಲ್ಲರೂ ಮರೆಯುವ ಪ್ರಶ್ನೆ. ಹೆರಿಗೆ ಡಾಕ್ಟರ ಟೈಮ್‌ಟೇಬಲ್ ನೋಡಿ ಬರುವುದಿಲ್ಲ.

ಮೊದಲ ಪ್ರಶ್ನೆಗೇ ಒಂದು ಆಸ್ಪತ್ರೆ ಬಿದ್ದುಹೋಯಿತು. ಮನೆಗೆ ಅದೇ ಹತ್ತಿರವಿತ್ತು. ಆದರೂ ಬಿಟ್ಟೆವು.

ಮೊದಲೇ ಬರೆದಿಟ್ಟ ಒಪ್ಪಂದ

36ನೇ ವಾರದಲ್ಲಿ ಡಾಕ್ಟರ್ ಜೊತೆ ಕೂತು ಒಂದು ಪುಟ ಬರೆದೆವು. ತಾನಾಗಿ ನೋವು ಬಂದರೆ ಪ್ರಯತ್ನ. 41 ವಾರಕ್ಕೂ ಬರದಿದ್ದರೆ ಸಿಸೇರಿಯನ್, ಮತ್ತೆ ಚರ್ಚೆ ಇಲ್ಲ. ನೋವು ಬರಿಸುವ ಔಷಧಿ ನನ್ನ ಮಟ್ಟಿಗೆ ಬೇಡ ಅಂತ ತೀರ್ಮಾನ. ಯಾಕೆಂದರೆ ನೋವು ಬರಿಸಿದರೆ ಬಿರಿಯುವ ಅಪಾಯ ಎರಡು ಮೂರು ಪಟ್ಟು ಏರುತ್ತದೆ. ಅದರಲ್ಲೂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳೇ ಸಿಸೇರಿಯನ್ ಇರುವವರಿಗೆ ಹೆರಿಗೆ ನೋವು ಬರಿಸಲು ಕೊಡಲೇಬಾರದು. ಆ ಹೆಸರು ನೆನಪಿಟ್ಟುಕೊಳ್ಳಿ. ಬೇರೆ ವಿಧಾನಗಳೂ ಇವೆ, ಗರ್ಭಕೋಶದ ಬಾಯಿ ತೆರೆಯಲು ಬಲೂನ್ ಹಾಕುವುದು, ಬಹಳ ಎಚ್ಚರದಿಂದ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಕೊಡುವುದು. ಎರಡು ಹೊಲಿಗೆ ಇರುವವರಿಗೆ ಅದನ್ನು ಹಿರಿಯ ಡಾಕ್ಟರ್ ಕೂತು ತೂಗಿ ನೋಡಿ ಹೇಳಬೇಕು.

ಅದೇ ಹಾಳೆಯ ಹಿಂಬದಿಯಲ್ಲಿ ಸಿಸೇರಿಯನ್ ಆದರೆ ಏನೇನು ಬೇಕು ಅಂತಲೂ ಬರೆದೆ. ಗಂಡ ಪಕ್ಕದಲ್ಲಿರಬೇಕು. ಮಗು ಹುಷಾರಾಗಿದ್ದರೆ ಅಲ್ಲೇ ನನ್ನ ಎದೆ ಮೇಲೆ ಇಡಬೇಕು. ಎನ್‌ಐಸಿಯುಗೆ ಹೋದರೆ ಗಂಡ ಮಗುವಿನ ಹಿಂದೆ ಹೋಗಬೇಕು, ಅಮ್ಮ ನನ್ನ ಹತ್ತಿರ. ಈ ಹಿಂಬದಿ ಬರೆಯಲು ನನಗೆ ಮನಸ್ಸೇ ಇರಲಿಲ್ಲ. ಬರೆದರೆ ಅದೇ ಆಗಿಬಿಡುತ್ತದೆ ಅನ್ನುವ ಹಾಗೆ! ಕೊನೆಗೆ ಉಪಯೋಗಕ್ಕೆ ಬಂದಿದ್ದು ಹಿಂಬದಿಯೇ.

ಆ ದಿನ

40 ವಾರ ಎರಡು ದಿನ. ಬೆಳಗಿನ ಜಾವ ನಾಲ್ಕಕ್ಕೆ ನೋವು ಶುರುವಾಯಿತು. ಮೊದಲ ಹೆರಿಗೆಯವರ ಹಾಗೆ ಮನೆಯಲ್ಲಿ ಕಾಯುತ್ತಾ ಕೂರುವ ಹಾಗಿಲ್ಲ, ನೋವು ನಿಯಮಿತವಾದ ಕೂಡಲೇ ಹೊರಟೆವು. ಕೈಗೆ ಸೂಜಿ, ರಕ್ತಕ್ಕೆ ಸ್ಯಾಂಪಲ್, ಹೊಟ್ಟೆಗೆ ಮಗುವಿನ ಎದೆಬಡಿತ ನೋಡುವ ಬೆಲ್ಟ್. ಎಪಿಡ್ಯೂರಲ್, ಅಂದರೆ ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಮದ್ದು, ಬೇಕಾದರೆ ತೆಗೆದುಕೊಳ್ಳಬಹುದು, ಹಳೇ ಹೊಲಿಗೆ ಇದೆ ಅಂತ ಅಡ್ಡಿ ಇಲ್ಲ. ನಾನು ಆರು ಸೆಂಟಿಮೀಟರ್ ಆದಾಗ ತೆಗೆದುಕೊಂಡೆ. ಏನೂ ನಾಚಿಕೆಯಿಲ್ಲ.

ಜೊತೆಗಿರುವವರಿಗೆ ಈ ಲಕ್ಷಣಗಳನ್ನು ಮೊದಲೇ ಹೇಳಿಕೊಟ್ಟಿರಿ. ಒಂದು ನೋವಿಗೂ ಇನ್ನೊಂದಕ್ಕೂ ನಡುವೆ ಬಿಡುವಿರುತ್ತದಲ್ಲ, ಆ ಬಿಡುವಿನಲ್ಲೂ ನಿಲ್ಲದ ನೋವು. ಹೊಲಿಗೆ ಜಾಗದಲ್ಲಿ ತಟ್ಟನೆ ಹರಿದ ಹಾಗೆ ಅನ್ನಿಸುವುದು. ಭುಜದ ತುದಿಯಲ್ಲಿ ನೋವು. ರಕ್ತ ಹೋಗುವುದು, ಮೂತ್ರದಲ್ಲಿ ರಕ್ತ. ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಂತುಬಿಡುವುದು. ತಲೆ ಸುತ್ತು, ಎದೆ ಡವಡವ. ಆದರೆ ಹೆಚ್ಚಿನ ಸಲ ಮೊದಲು ಗೊತ್ತಾಗುವುದು ಮಗುವಿನ ಎದೆಬಡಿತದಲ್ಲಿ. ಆ ಬೆಲ್ಟ್ ಕಿರಿಕಿರಿ ಅಂತ ಬಿಚ್ಚಿಸಬೇಡಿ.

ಮಧ್ಯಾಹ್ನ ಹನ್ನೆರಡಕ್ಕೆ ಎಂಟು ಸೆಂಟಿಮೀಟರ್. ಎರಡೂವರೆಗೂ ಎಂಟೇ. ಮೆಷಿನ್ನಿನ ಸದ್ದು ಪ್ರತಿ ನೋವಿನ ಕೊನೆಗೆ ನಿಧಾನವಾಗುವುದು ನನಗೂ ಕೇಳಿಸುತ್ತಿತ್ತು. ಡಾಕ್ಟರ್ ಬಂದು ಪಕ್ಕದ ಸ್ಟೂಲಿನಲ್ಲಿ ಕೂತರು. ನಿಂತು ಹೇಳಲಿಲ್ಲ, ಕೂತು ಹೇಳಿದರು. "ಇನ್ನು ಕಾಯೋದು ಬೇಡ ಅನ್ನಿಸುತ್ತೆ. ನೀವೇನಂತೀರಿ?" ನಾನು ಗಂಡನ ಕಡೆ ನೋಡಿದೆ. ಅವರು ಜೇಬಿನಿಂದ ಆ ಹಾಳೆ ತೆಗೆದು ಹಿಂಬದಿ ತಿರುಗಿಸಿದರು.

ಮೂರು ಗಂಟೆ ದಾಟಿ ಮಗು ಬಂದಳು. ಜೋರಾಗಿ ಅತ್ತಳು. ಎದೆ ಮೇಲೆ ಇಟ್ಟರು. ಹೊಲಿಯುತ್ತಾ ಡಾಕ್ಟರ್, "ಹಳೇ ಗಾಯ ತೆಳುವಾಗಿದೆ, ಆದರೆ ಬಿಟ್ಟಿಲ್ಲ" ಅಂದರು. ಬೇಜಾರಾಗಲಿಲ್ವಾ ಅಂದರೆ, ಆಯಿತು. ಒಂದು ತಿಂಗಳು ಆಯಿತು. ಸ್ನಾನದ ಮನೆಯಲ್ಲಿ ಒಬ್ಬಳೇ ಅತ್ತಿದ್ದೂ ಇದೆ. ಆದರೆ ಎರಡನೇ ಸಲದ ಬೇಜಾರು ಬೇರೆ ಥರದ್ದು. ಆಗ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಡಿಸ್ಚಾರ್ಜ್ ದಿನ ಬಿಲ್ ಕಟ್ಟುವ ಮೊದಲೇ ಆಪರೇಷನ್ ನೋಟ್ಸ್‌ನ ಜೆರಾಕ್ಸ್ ಕೇಳಿದೆ. "ಸಮ್ಮರಿ ಕೊಟ್ಟಿದ್ದೀವಲ್ಲ ಮೇಡಂ" ಅಂದಳು ಕೌಂಟರಿನ ಹುಡುಗಿ. ಇದು ಬೇರೆ, ಅದು ಬೇರೆ ಅಂತ ಹೇಳಿ ಅಲ್ಲೇ ಬೆಂಚಿನ ಮೇಲೆ ಮಗು ಹಿಡಿದುಕೊಂಡು ಕೂತೆ. ಇಪ್ಪತ್ತು ನಿಮಿಷಕ್ಕೆ ಎರಡು ಹಾಳೆ ಬಂತು. ಕುಯ್ದದ್ದು ಎಲ್ಲಿ, ಹೊಲಿದದ್ದು ಎಷ್ಟು ಪದರ, ಅಂಟಿಕೊಂಡಿದ್ದು ಏನು ಅಂತ ಒಂದೊಂದೇ ಸಾಲು ನೋಡಿ, ಹಳೆಯ ಎರಡರ ಜೊತೆ ಸೇರಿಸಿ ಪಿನ್ ಹೊಡೆಸಿಕೊಂಡು ಮನೆಗೆ ಹೊರಟೆ.